ಚಿನ್ನ, ಬೆಳ್ಳಿ, ಹಳೆ ನಾಣ್ಯ: ಉಳಿತಾಯ ಶುರು ಮಾಡುವವರು ಮೊದಲು ತಿಳಿಯಬೇಕಾದ ಲೆಕ್ಕ

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಭಾಗದ ಬ್ಯಾರಿ ಕುಟುಂಬಗಳಲ್ಲಿ ಉಳಿತಾಯ ಎಂದರೆ ಇಂದಿಗೂ ಮೊದಲು ನೆನಪಾಗುವುದು ಚಿನ್ನ. ಮಹರ್ ಪವನ್ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಗಲ್ಫಿನಲ್ಲಿ ದುಡಿಯುವ ಮಗ ನಾಲ್ಕು ಕಾಸು ಉಳಿಸಿದರೆ ಅದು ಬಳೆಯಾಗಿಯೋ ಸರವಾಗಿಯೋ ಊರಿಗೆ ಬರುತ್ತದೆ. ಬ್ಯಾಂಕಿನ ಬಡ್ಡಿ ಬೇಡ ಎನ್ನುವವರಿಗೆ ಎಫ್‌ಡಿಗಿಂತ ಚಿನ್ನವೇ ಮನಸ್ಸಿಗೆ ಸಮಾಧಾನ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆಸ್ಪತ್ರೆಯ ಖರ್ಚಿಗೋ ಮನೆ ಕಟ್ಟಲಿಕ್ಕೋ ಅದೇ ಚಿನ್ನವನ್ನು ಮಾರಲು ಹೋದ ದಿನ ಹಲವರಿಗೆ ಶಾಕ್ ಆಗುತ್ತದೆ. ಕೊಟ್ಟ ದುಡ್ಡಿಗೂ ಕೈಗೆ ಬರುವ ದುಡ್ಡಿಗೂ ತಾಳೆಯೇ ಆಗುವುದಿಲ್ಲ. ಬಡ್ಡಿ ಬೇಡ ಎಂದು ಚಿನ್ನ ಕೊಂಡವರೇ ಕೊನೆಗೆ ಅದನ್ನು ಅಡವಿಟ್ಟು ಬಡ್ಡಿ ಕಟ್ಟುವ ಸ್ಥಿತಿಯೂ ಬರುತ್ತದೆ.

ಇದಕ್ಕೆ ಮುಖ್ಯ ಕಾರಣ ಒಂದೇ. ಆಭರಣ ಕೊಳ್ಳುವುದು ಬೇರೆ, ಲೋಹದಲ್ಲಿ ಉಳಿತಾಯ ಮಾಡುವುದು ಬೇರೆ. ಉಳಿತಾಯದಲ್ಲಿ ಲೆಕ್ಕಕ್ಕೆ ಬರುವುದು ಎರಡೇ ಸಂಗತಿ: ತೂಕ ಮತ್ತು ಶುದ್ಧತೆ. ಅದರ ಮೇಲೆ ಕೊಟ್ಟ ಪ್ರತಿಯೊಂದು ರೂಪಾಯಿ, ಅದು ಮಜೂರಿಯಾಗಲಿ, ಕಲ್ಲಿನ ಬೆಲೆಯಾಗಲಿ, ತೆರಿಗೆಯಾಗಲಿ, ಮಾರುವಾಗ ವಾಪಸ್ ಬರುವುದಿಲ್ಲ. ಹೊಸದಾಗಿ ಶುರು ಮಾಡುವ ಯುವಕ ಯುವತಿಯರು ಈ ಒಂದು ಮಾತನ್ನು ಹಿಡಿದುಕೊಂಡರೆ ಅರ್ಧ ನಷ್ಟ ತಪ್ಪಿದ ಹಾಗೆ.

ಪವನ್, ಕ್ಯಾರೆಟ್, 916: ಮೊದಲು ಅಳತೆ

ನಮ್ಮ ಭಾಗದಲ್ಲಿ ಒಂದು ಪವನ್ ಎಂದರೆ 8 ಗ್ರಾಂ. ಇಂಗ್ಲೆಂಡಿನ ಸವರನ್ ನಾಣ್ಯದ ತೂಕ 7.98 ಗ್ರಾಂ, ಪವನಿನ ಲೆಕ್ಕ ಅದಕ್ಕೆ ಹೊಂದಿಕೊಂಡೇ ಬಂದಿದೆ. ಕೇರಳದ ಅಂಗಡಿಗಳಲ್ಲಿ ದರವನ್ನು ಪವನಿಗೆ ಇಷ್ಟು ಎಂದು ಹೇಳುವುದು ರೂಢಿ. ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ಗ್ರಾಂಗೆ ಇಷ್ಟು ಎನ್ನುತ್ತಾರೆ. ಎರಡೂ ಕಡೆಯ ದರ ಒಂದೇ ಇರಬೇಕೆಂದಿಲ್ಲ. ಆದ್ದರಿಂದ ಹೋಲಿಸುವಾಗ ಎಲ್ಲವನ್ನೂ ಗ್ರಾಂ ಲೆಕ್ಕಕ್ಕೆ ತಂದುಕೊಂಡರೆ ಗೊಂದಲ ಇರುವುದಿಲ್ಲ.

24 ಕ್ಯಾರೆಟ್ ಎಂದರೆ ಅಪ್ಪಟ ಚಿನ್ನ. ಅದು ಮೆತ್ತಗೆ ಇರುವುದರಿಂದ ಆಭರಣಕ್ಕೆ ತಾಮ್ರ, ಬೆಳ್ಳಿ ಮುಂತಾದವನ್ನು ಬೆರೆಸುತ್ತಾರೆ. 22 ಕ್ಯಾರೆಟ್ ಆಭರಣದಲ್ಲಿ ಸಾವಿರಕ್ಕೆ 916 ಪಾಲು ಚಿನ್ನ. ಅದಕ್ಕೇ "916" ಎಂಬ ಹೆಸರು. 18 ಕ್ಯಾರೆಟ್ ಎಂದರೆ 750 ಪಾಲು, 14 ಕ್ಯಾರೆಟ್ ಎಂದರೆ 585 ಪಾಲು. ಈಗ ಕಲ್ಲು ಹಾಕಿದ ಹೊಸ ಡಿಸೈನುಗಳು 18 ಕ್ಯಾರೆಟ್‌ನಲ್ಲಿ ಬರುವುದು ಜಾಸ್ತಿ. ನೋಡಲು ಚೆಂದ, ಆದರೆ ಮಾರುವಾಗ ನಾಲ್ಕರಲ್ಲಿ ಮೂರು ಪಾಲಿಗೆ ಮಾತ್ರ ಬೆಲೆ.

ಈ ಶುದ್ಧತೆಗೆ ಸಾಕ್ಷಿ ಹಾಲ್‌ಮಾರ್ಕ್. ಆಭರಣದ ಒಳಬದಿಯಲ್ಲಿ ಮೂರು ಗುರುತು ಇರಬೇಕು: ಬಿಐಎಸ್ ಚಿಹ್ನೆ, 22ಕೆ916 ಎಂಬಂಥ ಶುದ್ಧತೆಯ ಗುರುತು, ಮತ್ತು ಅಕ್ಷರ ಅಂಕೆ ಸೇರಿದ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಜಿಲ್ಲೆಗಳಲ್ಲಿ ಎಚ್‌ಯುಐಡಿ ಇಲ್ಲದ ಆಭರಣ ಮಾರುವಂತಿಲ್ಲ. ಪ್ರತಿ ಆಭರಣಕ್ಕೂ ಈ ಸಂಖ್ಯೆ ಬೇರೆ ಬೇರೆ. ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪ್ ತೆರೆದು ಆ ಸಂಖ್ಯೆ ಹಾಕಿದರೆ ಆಭರಣದ ಬಗೆ, ಶುದ್ಧತೆ, ಅಂಗಡಿಯ ನೋಂದಣಿ, ಪರೀಕ್ಷೆ ಮಾಡಿದ ಕೇಂದ್ರ ಎಲ್ಲವೂ ಕಾಣುತ್ತದೆ. ಅಂಗಡಿಯಲ್ಲೇ ಕೂತು ಎರಡು ನಿಮಿಷದಲ್ಲಿ ಮಾಡುವ ಕೆಲಸ ಇದು. ನಾಚಿಕೊಳ್ಳುವ ಅಗತ್ಯವಿಲ್ಲ.

ಒಂದು ವಿಷಯ ನೆನಪಿರಲಿ. 2 ಗ್ರಾಂಗಿಂತ ಕಡಿಮೆ ತೂಕದ ವಸ್ತುವಿಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಮಕ್ಕಳ ಸಣ್ಣ ಉಂಗುರ, ಮೂಗುಬೊಟ್ಟು ಕೊಳ್ಳುವಾಗ ಬಿಲ್ಲಿನಲ್ಲಿ ಶುದ್ಧತೆ ಬರೆಸಿಕೊಳ್ಳುವುದೇ ದಾರಿ. ಮನೆಯಲ್ಲಿರುವ ಹಳೆ ಚಿನ್ನದ ಬಗ್ಗೆ ಸಂಶಯವಿದ್ದರೆ ಮಾನ್ಯತೆ ಪಡೆದ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಸಾಮಾನ್ಯ ಗ್ರಾಹಕರೂ ಸಣ್ಣ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ, ಕೊರತೆ ಬಿದ್ದ ಮೊತ್ತದ ಎರಡು ಪಟ್ಟು ಪರಿಹಾರ ಮತ್ತು ಪರೀಕ್ಷೆಯ ಖರ್ಚು ಕೇಳುವ ಹಕ್ಕು ಗ್ರಾಹಕನಿಗಿದೆ. ಅದಕ್ಕೆ ಬಿಲ್ ಬೇಕು. ಬಿಲ್ ಇಲ್ಲದ ಚಿನ್ನಕ್ಕೆ ಹಕ್ಕೂ ಇಲ್ಲ.

ಒಂದು ಪವನ್‌ನ ಲೆಕ್ಕ

ಸುಲಭವಾಗಲಿ ಎಂದು 22 ಕ್ಯಾರೆಟ್ ಚಿನ್ನಕ್ಕೆ ಗ್ರಾಂಗೆ 10,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಇದು ಇಂದಿನ ದರವಲ್ಲ, ಲೆಕ್ಕಕ್ಕೆ ಹಿಡಿದ ಸಂಖ್ಯೆ.

ಒಬ್ಬರು ಒಂದು ಪವನ್‌ನ ಸರ ಕೊಂಡರು. ಚಿನ್ನದ ಬೆಲೆ 80,000. ಮೇಕಿಂಗ್ ಚಾರ್ಜ್ ಶೇ. 12 ಎಂದರೆ 9,600. ಒಟ್ಟು 89,600. ಅದರ ಮೇಲೆ ಶೇ. 3 ಜಿಎಸ್‌ಟಿ 2,688. ಕೈಬಿಟ್ಟದ್ದು 92,288 ರೂಪಾಯಿ. ಮರುದಿನವೇ ಅದನ್ನು ಮಾರಲು ಹೋದರೆ ಅಂಗಡಿಯವರು ಚಿನ್ನದ ತೂಕಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ. ಶೇ. 2 ಕಳೆದರೂ ಸಿಗುವುದು 78,400. ಹೋದದ್ದು 13,888 ರೂಪಾಯಿ, ಅಂದರೆ ಕೊಟ್ಟ ದುಡ್ಡಿನ ಶೇ. 15. ಚಿನ್ನದ ದರ ಅದಕ್ಕಿಂತಲೂ ಹೆಚ್ಚು ಏರಿದ ಮೇಲೆಯೇ ಅಸಲು ಕೈಗೆ ಬರುವುದು. ಕೆತ್ತನೆ ಜಾಸ್ತಿ ಇರುವ ಆಭರಣಕ್ಕೆ ಮೇಕಿಂಗ್ ಶೇ. 20 ದಾಟುವುದೂ ಉಂಟು.

ಇನ್ನೊಬ್ಬರು ಅದೇ 8 ಗ್ರಾಂ ತೂಕದ 24 ಕ್ಯಾರೆಟ್ ನಾಣ್ಯ ಕೊಂಡರು. ಗ್ರಾಂಗೆ 10,900ರಂತೆ 87,200. ಮೇಕಿಂಗ್ ಶೇ. 2 ಎಂದರೆ 1,744. ಜಿಎಸ್‌ಟಿ 2,668. ಒಟ್ಟು 91,612. ಶೇ. 2 ಕಳೆದು ಮಾರಿದರೆ 85,456 ಸಿಗುತ್ತದೆ. ನಷ್ಟ 6,156, ಅಂದರೆ ಶೇ. 7ಕ್ಕಿಂತ ಸ್ವಲ್ಪ ಕಡಿಮೆ.

ತೂಕ ಒಂದೇ, ಕೊಟ್ಟ ದುಡ್ಡೂ ಹೆಚ್ಚುಕಡಿಮೆ ಒಂದೇ. ಮಾರುವಾಗ ಮಾತ್ರ 7,000 ರೂಪಾಯಿ ವ್ಯತ್ಯಾಸ. ಹಾಗಂತ ಆಭರಣ ಕೊಳ್ಳಲೇಬಾರದು ಎಂದಲ್ಲ. ಹಾಕಿಕೊಳ್ಳುವ ಸಂತೋಷಕ್ಕೆ, ಮದುವೆಯ ಸಂಭ್ರಮಕ್ಕೆ ಕೊಡುವ ಮಜೂರಿ ಅಕ್ಕಸಾಲಿಗನ ಕೆಲಸಕ್ಕೆ ಸಲ್ಲುವ ಹಣ. ಅದನ್ನು ಖರ್ಚು ಎಂದು ಬರೆದುಕೊಳ್ಳಬೇಕು, ಉಳಿತಾಯ ಎಂದಲ್ಲ.

ನಾಣ್ಯ ಕೊಳ್ಳುವಾಗಲೂ ನೋಡಬೇಕಾದದ್ದಿದೆ. ಅರ್ಧ ಗ್ರಾಂ, ಒಂದು ಗ್ರಾಂ ನಾಣ್ಯಕ್ಕೆ ಮೇಕಿಂಗ್ ಶೇಕಡಾವಾರು ಜಾಸ್ತಿ ಬೀಳುತ್ತದೆ. 4 ಗ್ರಾಂ, 8 ಗ್ರಾಂ ಆದರೆ ಕಡಿಮೆ. ಆದ್ದರಿಂದ ತಿಂಗಳು ತಿಂಗಳು ಚೂರು ಚೂರು ಕೊಳ್ಳುವ ಬದಲು ದುಡ್ಡನ್ನು ಪ್ರತ್ಯೇಕವಾಗಿ ಕೂಡಿಟ್ಟು ಅರ್ಧ ಪವನ್‌ನಷ್ಟು ಆದಾಗ ಕೊಳ್ಳುವುದು ಮೇಲು. ಬ್ಯಾಂಕುಗಳೂ ಚಿನ್ನದ ನಾಣ್ಯ ಮಾರುತ್ತವೆ, ಆದರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಕೊಳ್ಳುವ ಮೊದಲೇ ಅಂಗಡಿಯವರಲ್ಲಿ "ಇದನ್ನು ವಾಪಸ್ ತಂದರೆ ಎಷ್ಟು ಕಳೆಯುತ್ತೀರಿ, ದುಡ್ಡು ಕೊಡುತ್ತೀರಾ ಇಲ್ಲ ಬೇರೆ ಒಡವೆ ಮಾತ್ರವಾ" ಎಂದು ಕೇಳಿಬಿಡಬೇಕು. ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಬೆಳ್ಳಿ: ಕಡಿಮೆ ದುಡ್ಡಿಗೆ ಶುರು, ಆದರೆ ಏರಿಳಿತ ಜಾಸ್ತಿ

ಕಾಲೇಜಿಗೆ ಹೋಗುವವರು, ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗರು ಶುರು ಮಾಡಲು ಬೆಳ್ಳಿ ಅನುಕೂಲ. ಕೆಲವು ಸಾವಿರ ರೂಪಾಯಿಗೆ ಒಂದು ನಾಣ್ಯವೋ ಸಣ್ಣ ಗಟ್ಟಿಯೋ ಸಿಗುತ್ತದೆ. ಬೆಳ್ಳಿಯ ಶುದ್ಧತೆಯನ್ನೂ ಸಾವಿರದ ಲೆಕ್ಕದಲ್ಲೇ ಹೇಳುತ್ತಾರೆ. 999 ಎಂದರೆ ಅಪ್ಪಟ ಬೆಳ್ಳಿ, 925 ಎಂದರೆ ಸ್ಟರ್ಲಿಂಗ್. ಉಳಿತಾಯಕ್ಕೆ 999 ಗುರುತಿನ ನಾಣ್ಯ ಅಥವಾ ಗಟ್ಟಿ ಸರಿ. ಕಾಲಿನ ಚೈನು, ಪಾತ್ರೆ, ಅಲಂಕಾರದ ಸಾಮಾನುಗಳಲ್ಲಿ ಶುದ್ಧತೆ ಕಡಿಮೆ ಇರಬಹುದು. ಚಿನ್ನದಂತೆ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಾಗಿಲ್ಲ. 2025ರ ಸೆಪ್ಟೆಂಬರಿನಿಂದ ಹಾಲ್‌ಮಾರ್ಕ್ ಹಾಕಿಸಿದ ಬೆಳ್ಳಿಗೂ ಎಚ್‌ಯುಐಡಿ ಸಂಖ್ಯೆ ಬರುತ್ತಿದೆ. ಅಂಥದ್ದನ್ನೇ ಕೇಳಿ ಕೊಳ್ಳಬಹುದು.

ಬೆಳ್ಳಿಯ ಸ್ವಭಾವ ಬೇರೆ. ಸೋಲಾರ್ ಫಲಕ, ಎಲೆಕ್ಟ್ರಾನಿಕ್ಸ್ ಮುಂತಾದ ಕಾರ್ಖಾನೆಗಳಿಗೆ ಬೆಳ್ಳಿ ಬೇಕು. ಆ ಬೇಡಿಕೆಯ ಜೊತೆಗೆ ದರ ಏರುತ್ತದೆ, ಇಳಿಯುತ್ತದೆ. 2011ರ ಏಪ್ರಿಲ್‌ನಲ್ಲಿ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಒಂದು ಔನ್ಸ್ ಬೆಳ್ಳಿ 49 ಡಾಲರ್ ಹತ್ತಿರ ಹೋಗಿತ್ತು. 2015ರ ಕೊನೆಗೆ 14 ಡಾಲರ್‌ಗೆ ಇಳಿದಿತ್ತು. ಆ ಏರಿಕೆ ನೋಡಿ ಸಾಲ ಮಾಡಿ ಕೊಂಡವರ ಗತಿ ಏನಾಗಿರಬಹುದು ಎಂದು ಯಾರೂ ಊಹಿಸಬಹುದು. ಚಿನ್ನವೂ ಸದಾ ಏರುತ್ತಲೇ ಇರುವುದಿಲ್ಲ. 2011ರಲ್ಲಿ 1,900 ಡಾಲರ್ ಮುಟ್ಟಿದ್ದು 2015ರ ಡಿಸೆಂಬರಿನಲ್ಲಿ 1,050ರ ಆಸುಪಾಸಿಗೆ ಬಂದಿತ್ತು. ಮೂರು ನಾಲ್ಕು ವರ್ಷ ಕಾಯಲು ಸಾಧ್ಯವಾಗದ ದುಡ್ಡನ್ನು, ಅಂದರೆ ಮುಂದಿನ ವರ್ಷದ ಫೀಸು, ಮದುವೆಯ ಹಾಲ್‌ನ ಬಾಡಿಗೆ ಮುಂತಾದ್ದನ್ನು, ಲೋಹದಲ್ಲಿ ಹಾಕಬಾರದು.

ಬೆಳ್ಳಿಗೆ ಜಾಗವೂ ಬೇಕು. ಒಂದು ಪವನ್ ಚಿನ್ನದ ಬೆಲೆಗೆ ಸಿಗುವ ಬೆಳ್ಳಿಯನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗಲು ಆಗುವುದಿಲ್ಲ. ಗಾಳಿ ತಾಗಿದರೆ ಕಪ್ಪಾಗುತ್ತದೆ. ಕಪ್ಪಾದರೆ ಬೆಲೆ ಹೋಗುವುದಿಲ್ಲ, ಆದರೂ ಗಾಳಿಯಾಡದ ಕವರಿನಲ್ಲಿ ಇಡುವುದು ಒಳ್ಳೆಯದು. ಮಾರುವಾಗ ಅಂಗಡಿಯವರು ಕಳೆಯುವ ಪಾಲು ಸಾಮಾನ್ಯವಾಗಿ ಚಿನ್ನಕ್ಕಿಂತ ಜಾಸ್ತಿ.

ಉಮ್ಮಾರ ಪೆಟ್ಟಿಗೆಯ ಹಳೆ ರೂಪಾಯಿ

ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ ಭಾಗವಾಗಿತ್ತು, ಅದಕ್ಕೂ ಹಿಂದೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ ಇಲ್ಲಿನ ಹಳೆ ಪೆಟ್ಟಿಗೆಗಳಲ್ಲಿ ಅಲಿಕತ್ತ್, ಬೆಳ್ಳಿಯ ಸೊಂಟಪಟ್ಟಿಯ ಜೊತೆ ಸಿಗುವ ನಾಣ್ಯಗಳು ಹೆಚ್ಚಾಗಿ ಬ್ರಿಟಿಷ್ ಇಂಡಿಯಾದ ರೂಪಾಯಿಗಳು. ಇವುಗಳಲ್ಲಿ ಯಾವುದು ಬೆಳ್ಳಿ ಎಂದು ತಿಳಿಯುವುದು ಕಷ್ಟವಲ್ಲ, ಇಸವಿ ನೋಡಿದರೆ ಸಾಕು.

ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಚಿತ್ರವಿರುವ ಒಂದು ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಒಂದು ತೊಲ. ಅದರಲ್ಲಿ ಶೇ. 91.7 ಬೆಳ್ಳಿ. ಅಂದರೆ ಒಂದು ನಾಣ್ಯದಲ್ಲಿ ಸುಮಾರು 10.69 ಗ್ರಾಂ ಅಪ್ಪಟ ಬೆಳ್ಳಿ. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿ ಸಾಲದೆ ಬಂತು. 1940ರಿಂದ 1945ರವರೆಗಿನ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, ಅಂದರೆ 5.83 ಗ್ರಾಂ. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಅಯಸ್ಕಾಂತ ಹಿಡಿದರೆ ನಿಕ್ಕಲ್ ನಾಣ್ಯ ಅಂಟಿಕೊಳ್ಳುತ್ತದೆ, ಬೆಳ್ಳಿ ಅಂಟುವುದಿಲ್ಲ.

ಈ ನಾಣ್ಯಗಳಿಗೆ ಎರಡು ಬಗೆಯ ಬೆಲೆ ಇದೆ. ಒಂದು ಒಳಗಿರುವ ಬೆಳ್ಳಿಯ ಬೆಲೆ, ಇನ್ನೊಂದು ಸಂಗ್ರಹಕಾರರು ಕೊಡುವ ಬೆಲೆ. ಮೊದಲನೆಯದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಎರಡನೆಯದಕ್ಕೆ ಅಪರೂಪ, ಸ್ಥಿತಿ, ಟಂಕಸಾಲೆಯ ಗುರುತು, ಇಸವಿ ಎಲ್ಲವೂ ಬೇಕು. ಕೋಟಿಗಟ್ಟಲೆ ಅಚ್ಚಾದ ಇಸವಿಯ ನಾಣ್ಯಕ್ಕೆ ನೂರು ವರ್ಷವಾದರೂ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಸಿಗುವುದಿಲ್ಲ. ಕೆಲವಕ್ಕೆ ಮಾತ್ರ ಕಥೆ ಇದೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ಉಡುಪಿನ ಮೇಲಿದ್ದ ಆನೆಯ ಚಿತ್ರ ಹಂದಿಯ ಹಾಗೆ ಕಂಡಿತು. ಮುಸ್ಲಿಮರಿಂದ ವಿರೋಧ ಬಂದು ಸರಕಾರ ಅದನ್ನು ಹಿಂದಕ್ಕೆ ಪಡೆದು, ಚಿತ್ರ ತಿದ್ದಿ 1912ರಲ್ಲಿ ಬೇರೆ ನಾಣ್ಯ ತಂದಿತು. ಹಾಗಾಗಿ 1911ರ ನಾಣ್ಯಕ್ಕೆ ಬೇಡಿಕೆ ಹೆಚ್ಚು, ನಕಲಿಯೂ ಹೆಚ್ಚು.

ಅದಕ್ಕೂ ಹಿಂದಿನ ನಾಣ್ಯಗಳು ಈ ಕರಾವಳಿಯ ಚರಿತ್ರೆಯನ್ನೇ ಹೇಳುತ್ತವೆ. ಹೈದರ್ ಅಲಿ ಇಕ್ಕೇರಿಯ ಮಾದರಿಯಂತೆ ಒಂದು ಬದಿಯಲ್ಲಿ ಶಿವ ಪಾರ್ವತಿಯ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಇನ್ನೊಂದು ಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ ಚಿನ್ನದ ವರಹಗಳಿವೆ. ಟಿಪ್ಪುವಿನ ತಾಮ್ರದ ನಾಣ್ಯಗಳ ಮೇಲೆ ಆನೆ ಇದೆ. ಅವನ ಮೌಲೂದಿ ಇಸವಿಯ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕಣ್ಣೂರಿನ ಆರಕ್ಕಲ್ ಅಲಿ ರಾಜರು ರೂಪಾಯಿಯ ಐದನೇ ಒಂದು ಭಾಗದ ಸಣ್ಣ ಬೆಳ್ಳಿ ನಾಣ್ಯ ಹೊರಡಿಸಿದ್ದರು. ಇಂಥದ್ದು ಮನೆಯಲ್ಲಿದ್ದರೆ ಅದನ್ನು ಕರಗಿಸಲು ಕೊಡುವುದು ದೊಡ್ಡ ನಷ್ಟ. ಹುಣಸೆಹುಳಿ, ಬೂದಿ, ಟೂತ್‌ಪೇಸ್ಟ್ ಹಾಕಿ ಉಜ್ಜುವುದೂ ಬೇಡ. ಉಜ್ಜಿ ಹೊಳಪು ಬರಿಸಿದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಕಡಿಮೆ ಮಾಡುತ್ತಾರೆ. ಅಂಚು ಹಿಡಿದು ಎತ್ತಿ, ಒಂದೊಂದನ್ನು ಬೇರೆ ಬೇರೆ ಕವರಿನಲ್ಲಿ ಇಟ್ಟರೆ ಸಾಕು.

ಹೊಸಬರು ಹಳೆ ನಾಣ್ಯವನ್ನು ಉಳಿತಾಯಕ್ಕಾಗಿ ಕೊಳ್ಳುವುದಾದರೆ ಬೆಳ್ಳಿಯ ಬೆಲೆಗಿಂತ ತುಂಬಾ ಮೇಲೆ ಕೊಡಬಾರದು. ತೂಕ 11.66ರ ಹತ್ತಿರ ಇದೆಯೇ ನೋಡಬೇಕು. ಸವೆದ ನಾಣ್ಯದಲ್ಲಿ ಸ್ವಲ್ಪ ಕಡಿಮೆ ಇರುವುದು ಸಹಜ, ಆದರೆ ಒಂದೆರಡು ಗ್ರಾಂ ವ್ಯತ್ಯಾಸವಿದ್ದರೆ ಅದು ನಕಲಿ ಎಂದೇ ತಿಳಿಯಬೇಕು. ಅಪರೂಪದ ನಾಣ್ಯದ ವಿದ್ಯೆ ಕಲಿಯಲು ವರ್ಷಗಳು ಬೇಕು. ಅದು ಒಳ್ಳೆಯ ಹವ್ಯಾಸ, ಆದರೆ ಮನೆಯ ಉಳಿತಾಯವನ್ನು ಅದರ ಮೇಲೆ ನಿಲ್ಲಿಸಬಾರದು.

ಕಾನೂನೂ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ, ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. "ದುಬೈಯಲ್ಲಿ ಒಳ್ಳೆ ಬೆಲೆ ಇದೆ" ಎಂದು ಯಾರಾದರೂ ಕೈಯಲ್ಲಿ ಕೊಟ್ಟು ಕಳಿಸಿದರೆ ಸಿಕ್ಕಿಬೀಳುವುದು ಒಯ್ದವನೇ. ಮನೆಯ ಪಾಯ ತೋಡುವಾಗ ನಾಣ್ಯ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

786 ನೋಟು, ಲಕ್ಷ ರೂಪಾಯಿ ಎಂಬ ಬಲೆ

ನಮ್ಮ ಹುಡುಗರು ಹೆಚ್ಚು ಬೀಳುವ ಬಲೆ ಇದು. "786 ಸಂಖ್ಯೆಯ ನೋಟು ಇದ್ದರೆ ಲಕ್ಷ ಕೊಡುತ್ತೇವೆ", "ಹಳೆ 5 ರೂಪಾಯಿಗೆ ಹತ್ತು ಲಕ್ಷ" ಎಂಬ ಜಾಹೀರಾತು ಮೊಬೈಲಿನಲ್ಲಿ ಬರುತ್ತದೆ. ಕರೆ ಮಾಡಿದರೆ ಮೊದಲು ನೋಂದಣಿ ಶುಲ್ಕ, ಆಮೇಲೆ ಕಮಿಷನ್, ಆಮೇಲೆ ತೆರಿಗೆ ಎಂದು ದುಡ್ಡು ಕೇಳುತ್ತಾರೆ. ಕೆಲವರು ರಿಸರ್ವ್ ಬ್ಯಾಂಕಿನ ಹೆಸರಿನ ಪತ್ರವನ್ನೂ ಕಳಿಸುತ್ತಾರೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ: ಹಳೆ ನೋಟು, ನಾಣ್ಯದ ವ್ಯವಹಾರದಲ್ಲಿ ತಾನು ಇಲ್ಲ, ಶುಲ್ಕವನ್ನೂ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದು. ನಿಜವಾಗಿ ಕೊಳ್ಳುವವನು ದುಡ್ಡು ಕೊಡುತ್ತಾನೆ, ಕೇಳುವುದಿಲ್ಲ. ಇಷ್ಟು ನೆನಪಿದ್ದರೆ ಸಾಕು.

ಜ್ಯುವೆಲ್ಲರಿ ಸ್ಕೀಂ, ಪಾಲುದಾರಿಕೆ, ಡಿಜಿಟಲ್ ಗೋಲ್ಡ್

ತಿಂಗಳು ತಿಂಗಳು ದುಡ್ಡು ಕಟ್ಟಿ ಕೊನೆಗೆ ಒಡವೆ ಪಡೆಯುವ ಸ್ಕೀಂಗಳು ಎಲ್ಲ ಕಡೆ ಇವೆ. ಇವು ಹೆಚ್ಚಾಗಿ 11 ತಿಂಗಳಿಗೆ ಮುಗಿಯುವುದಕ್ಕೆ ಕಾರಣವಿದೆ. ಕಂಪನಿಯೊಂದು ಸರಕಿಗಾಗಿ ಪಡೆದ ಮುಂಗಡಕ್ಕೆ 365 ದಿನದೊಳಗೆ ಸರಕು ಕೊಡಬೇಕು, ಇಲ್ಲದಿದ್ದರೆ ಅದು ಠೇವಣಿ ಎನಿಸಿಕೊಳ್ಳುತ್ತದೆ. ಕಟ್ಟಿದ ದುಡ್ಡಿಗೆ ಬ್ಯಾಂಕ್ ಠೇವಣಿಗಿರುವಂಥ ವಿಮೆ ಇಲ್ಲ. ಅಂಗಡಿ ಮುಚ್ಚಿದರೆ ಕೇಳುವವರಿಲ್ಲ. ಸೇರುವುದಿದ್ದರೆ ಕೇಳಬೇಕಾದ ಪ್ರಶ್ನೆ: ಕಟ್ಟಿದ ದಿನದ ದರಕ್ಕೆ ಗ್ರಾಂ ಜಮೆಯಾಗುತ್ತದೆಯೋ, ಇಲ್ಲ ರೂಪಾಯಿ ಮಾತ್ರ ಜಮೆಯಾಗುತ್ತದೆಯೋ? ಕೊನೆಗೆ ನಾಣ್ಯ ಕೊಡುತ್ತಾರೋ, ಮೇಕಿಂಗ್ ಇರುವ ಆಭರಣ ಮಾತ್ರವೋ?

ಇನ್ನೊಂದು ಬಗೆ ಇದಕ್ಕಿಂತ ಅಪಾಯಕಾರಿ. "ಬಡ್ಡಿ ಅಲ್ಲ, ಲಾಭದ ಪಾಲು" ಎಂದು ಹೇಳಿ ಜ್ಯುವೆಲ್ಲರಿಯಲ್ಲಿ ಹೂಡಿಕೆ ಮಾಡಿಸುವುದು. 2020ರಲ್ಲಿ ಕಾಸರಗೋಡು ಜಿಲ್ಲೆಯಲ್ಲೇ ಒಂದು ಜ್ಯುವೆಲ್ಲರಿ ಸಮೂಹದ ಅಂಗಡಿಗಳು ಮುಚ್ಚಿ, ನೂರಕ್ಕೂ ಹೆಚ್ಚು ಹೂಡಿಕೆದಾರರು ಪೊಲೀಸ್ ಠಾಣೆ ಹತ್ತಿದ್ದನ್ನು ಇಲ್ಲಿನ ಜನ ಮರೆತಿಲ್ಲ. ಹೆಚ್ಚಿನವರು ಗಲ್ಫಿನಲ್ಲಿ ಬೆವರು ಸುರಿಸಿದವರು, ಚಿನ್ನ ಮಾರಿ ದುಡ್ಡು ಕೊಟ್ಟವರು. ಲಾಭದಲ್ಲಿ ಪಾಲು ಎಂದರೆ ನಷ್ಟದಲ್ಲೂ ಪಾಲು. ಲೆಕ್ಕಪತ್ರ ತೋರಿಸದೆ ತಿಂಗಳಿಗೆ ಇಷ್ಟು ಎಂದು ಖಚಿತವಾಗಿ ಕೊಡುವ "ಲಾಭ"ವನ್ನು ಹಲಾಲ್ ಎಂದು ಕರೆದ ಮಾತ್ರಕ್ಕೆ ಅದು ಸುರಕ್ಷಿತವೂ ಆಗುವುದಿಲ್ಲ, ಹಲಾಲೂ ಆಗುವುದಿಲ್ಲ. ಕೊಡುವವನು ಊರಿನ ದೊಡ್ಡ ಮನುಷ್ಯ ಎಂಬುದು ದಾಖಲೆಯಲ್ಲ.

ಆ್ಯಪ್‌ಗಳಲ್ಲಿ ಹತ್ತು ರೂಪಾಯಿಗೂ ಸಿಗುವ ಡಿಜಿಟಲ್ ಗೋಲ್ಡ್ ತನ್ನ ನಿಯಂತ್ರಣದಲ್ಲಿ ಇಲ್ಲ ಎಂದು ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಗೋಲ್ಡ್ ಇಟಿಎಫ್ ಸೆಬಿ ನಿಯಂತ್ರಣದಲ್ಲಿದೆ, ಅದಕ್ಕೆ ಡಿಮ್ಯಾಟ್ ಖಾತೆ ಬೇಕು. ಸರಕಾರದ ಸಾವರಿನ್ ಗೋಲ್ಡ್ ಬಾಂಡ್‌ಗೆ ವರ್ಷಕ್ಕೆ ಶೇ. 2.5 ಬಡ್ಡಿ ಇದೆ. ಹೊಸ ಬಾಂಡ್‌ಗಳ ಮಾರಾಟ 2024ರ ಫೆಬ್ರವರಿಯ ನಂತರ ನಡೆದಿಲ್ಲ.

ಝಕಾತ್ ಮತ್ತು ವ್ಯವಹಾರದ ಮಸ್‌ಅಲ

ಲೋಹದಲ್ಲಿ ಉಳಿತಾಯ ಶುರು ಮಾಡಿದವನು ಝಕಾತಿನ ಲೆಕ್ಕವನ್ನೂ ಅಂದೇ ಶುರು ಮಾಡಬೇಕು. ಚಿನ್ನಕ್ಕೆ ನಿಸಾಬ್ 20 ಮಿಸ್ಕಾಲ್, ಇಂದಿನ ಲೆಕ್ಕದಲ್ಲಿ ಸುಮಾರು 85 ಗ್ರಾಂ ಎಂದು ಉಲಮಾಗಳು ಹೇಳುತ್ತಾರೆ. ಅಂದರೆ ಹತ್ತೂವರೆ ಪವನ್‌ಗಿಂತ ತುಸು ಮೇಲೆ. ಬೆಳ್ಳಿಗೆ 200 ದಿರ್ಹಂ, ಸುಮಾರು 595 ಗ್ರಾಂ. ಇದು ಶುದ್ಧ ಲೋಹದ ಲೆಕ್ಕ. 22 ಕ್ಯಾರೆಟ್ ಚಿನ್ನವಾದರೆ ಸುಮಾರು 93 ಗ್ರಾಂ ಇದ್ದಾಗ ಒಳಗೆ 85 ಗ್ರಾಂ ಶುದ್ಧ ಚಿನ್ನ ಇರುತ್ತದೆ. ಹಳೆ ಬೆಳ್ಳಿ ರೂಪಾಯಿ 56 ಇದ್ದರೆ ಬೆಳ್ಳಿಯ ನಿಸಾಬ್ ತುಂಬುತ್ತದೆ. ಒಂದು ಚಾಂದ್ರ ವರ್ಷ ಪೂರ್ತಿ ಅಷ್ಟು ಇದ್ದರೆ ಶೇ. 2.5 ಕೊಡಬೇಕು.

ಬ್ಯಾರಿಗಳಲ್ಲಿ ಹೆಚ್ಚಿನವರು ಶಾಫಿಈ ಮದ್‌ಹಬ್‌ನವರು. ಹೆಂಗಸರು ಮಿತಿಯೊಳಗೆ ಧರಿಸಲು ಇಟ್ಟುಕೊಂಡ ಆಭರಣಕ್ಕೆ ಈ ಮದ್‌ಹಬ್‌ನಲ್ಲಿ ಝಕಾತ್ ಇಲ್ಲ ಎಂಬುದು ಪ್ರಬಲ ಅಭಿಪ್ರಾಯ. ಇಲ್ಲಿಯೇ ಹಲವರು ಎಡವುವುದು. ಸಂಪತ್ತಾಗಿ ಕೂಡಿಡುವ ಉದ್ದೇಶದ ಚಿನ್ನ, ನಾಣ್ಯ, ಬಿಸ್ಕತ್ತು ಧರಿಸುವ ಆಭರಣವಲ್ಲ. ಉಳಿತಾಯಕ್ಕೆಂದು ಕೊಂಡು ಲಾಕರಿನಲ್ಲಿ ಇಟ್ಟ ಮೇಲೆ "ಇದು ಹೆಂಗಸರ ಒಡವೆ" ಎಂದು ಹೇಳಲು ಬರುವುದಿಲ್ಲ.

ಹಳೆ ಚಿನ್ನ ಕೊಟ್ಟು ಹೊಸತು ತರುವಾಗಲೂ ಜಾಗ್ರತೆ ಬೇಕು. ಚಿನ್ನಕ್ಕೆ ಬದಲು ಚಿನ್ನ ಕೊಡುವಾಗ ತೂಕ ಸಮ ಇರಬೇಕು, ಅಲ್ಲೇ ಕೈಗೆ ಕೈ ಆಗಬೇಕು. 4 ಪವನ್ ಹಳತು ಕೊಟ್ಟು 3 ಪವನ್ ಹೊಸತು ತರುವುದು ಆ ನಿಯಮಕ್ಕೆ ಸರಿಹೊಂದುವುದಿಲ್ಲ. ಹಳೆಯದನ್ನು ಮಾರಿ ದುಡ್ಡು ಕೈಗೆ ಪಡೆದು, ಆ ದುಡ್ಡಿನಲ್ಲಿ ಹೊಸದನ್ನು ಕೊಳ್ಳುವುದು ದಾರಿ. ಹೀಗೆ ಎರಡು ವ್ಯವಹಾರ ಮಾಡಿದರೆ ಲೌಕಿಕ ಲಾಭವೂ ಇದೆ: ಹಳೆಯದಕ್ಕೆ ಎಷ್ಟು ಬಂತು, ಹೊಸದಕ್ಕೆ ಎಷ್ಟು ಹೋಯಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಕಂತಿನಲ್ಲಿ, ಸಾಲದಲ್ಲಿ ಚಿನ್ನ ಕೊಳ್ಳುವ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇರುವುದರಿಂದ ಜಮಾಅತಿನ ಉಸ್ತಾದರಲ್ಲಿ ಕೇಳಿಯೇ ಮುಂದುವರಿಯುವುದು ಒಳ್ಳೆಯದು.

ಯಾರ ಚಿನ್ನ, ಎಲ್ಲಿದೆ, ಯಾರಿಗೆ ಗೊತ್ತು?

ಮಹರ್ ಚಿನ್ನ ಹೆಂಡತಿಯದ್ದು. ಗಂಡನ ವ್ಯಾಪಾರಕ್ಕೋ ವೀಸಾಕ್ಕೋ ಅದನ್ನು ಮಾರಬೇಕಾದರೆ ಅವಳ ಮನಃಪೂರ್ವಕ ಒಪ್ಪಿಗೆ ಬೇಕು. ತೆಗೆದುಕೊಂಡರೆ ಅದು ಸಾಲ, ತೂಕ ಬರೆದಿಟ್ಟು ವಾಪಸ್ ಕೊಡಬೇಕು. ಉಳಿತಾಯದ ಚಿನ್ನವನ್ನೂ ಮಹರ್ ಚಿನ್ನವನ್ನೂ ಒಂದೇ ಡಬ್ಬದಲ್ಲಿ ಬೆರೆಸಿಟ್ಟರೆ ಮುಂದೆ ವಾರಸುದಾರಿಕೆಯ ಹೊತ್ತಿಗೆ ಜಗಳ. ಒಂದು ನೋಟ್ ಪುಸ್ತಕದಲ್ಲಿ ತೂಕ, ಶುದ್ಧತೆ, ಕೊಂಡ ದಿನ, ಯಾರದ್ದು ಎಂದು ಬರೆದು ಮನೆಯ ಇಬ್ಬರಿಗೆ ತಿಳಿಸಿಡಬೇಕು. ಬಿಲ್ಲುಗಳ ಫೋಟೋವನ್ನೂ ಇಟ್ಟುಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಯಜಮಾನ ತೀರಿಕೊಂಡ ಮೇಲೆ ಚಿನ್ನ ಎಲ್ಲಿದೆ ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ.

ಬ್ಯಾಂಕ್ ಲಾಕರಿನಲ್ಲಿ ಇಟ್ಟರೂ ಪೂರ್ತಿ ಬೆಲೆಗೆ ಬ್ಯಾಂಕ್ ಹೊಣೆಯಲ್ಲ. ಕಳವು, ಬೆಂಕಿ, ಸಿಬ್ಬಂದಿಯ ಮೋಸದಂಥ ಪ್ರಕರಣದಲ್ಲಿ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ವರ್ಷಕ್ಕೆ 2,000 ಬಾಡಿಗೆಯಾದರೆ 2 ಲಕ್ಷ ರೂಪಾಯಿ, ಅಷ್ಟೇ.

ತೆರಿಗೆಯ ವಿಷಯದಲ್ಲಿ ಮೂರು ಮಾತು. 2 ಲಕ್ಷ ಮೀರಿದ ಖರೀದಿಗೆ ಪ್ಯಾನ್ ಬೇಕು. ಅಂಗಡಿಯವರು 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಎರಡು ವರ್ಷ ಇಟ್ಟುಕೊಂಡು ಲಾಭಕ್ಕೆ ಮಾರಿದರೆ ಆ ಲಾಭದ ಮೇಲೆ 2024ರ ಜುಲೈ 23ರಿಂದ ಶೇ. 12.5 ತೆರಿಗೆ ಇದೆ. ಕೊಂಡ ಬೆಲೆ ತೋರಿಸಲು ಇಲ್ಲಿಯೂ ಬಿಲ್ ಬೇಕು.

ಗಲ್ಫಿನಿಂದ ತರುವವರಿಗೆ: ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಮರಳುವ ಗಂಡಸಿಗೆ 20 ಗ್ರಾಂ, ಹೆಂಗಸಿಗೆ 40 ಗ್ರಾಂ ಆಭರಣದವರೆಗೆ ಸುಂಕದ ವಿನಾಯಿತಿ ಇದೆ. ಇದು ಆಭರಣಕ್ಕೆ ಮಾತ್ರ. ನಾಣ್ಯಕ್ಕೆ, ಬಿಸ್ಕತ್ತಿಗೆ ಇಲ್ಲ. ನಿಯಮ ಬದಲಾಗುತ್ತಿರುವುದರಿಂದ ಹೊರಡುವ ಮೊದಲು ಕಸ್ಟಮ್ಸ್ ವೆಬ್‌ಸೈಟ್ ನೋಡಬೇಕು. ಬೇರೆಯವರ ಚಿನ್ನ ಕೈಯಲ್ಲಿ ಹಿಡಿದು ಬರುವುದು ಯಾವ ಕಮಿಷನ್‌ಗೂ ಬೇಡ.

ಹಾಗಾದರೆ ಶುರು ಹೇಗೆ?

ಮೊದಲು ಸಾಲ ತೀರಿಸುವುದು. ಬಡ್ಡಿ ಕಟ್ಟುತ್ತಾ ಚಿನ್ನ ಕೊಳ್ಳುವುದು ತೂತಾದ ಕೊಡಕ್ಕೆ ನೀರು ಹೊಯ್ದ ಹಾಗೆ. ಅದಾದ ಮೇಲೆ ಮೂರು ತಿಂಗಳ ಮನೆ ಖರ್ಚಿನಷ್ಟು ದುಡ್ಡು ನಗದಾಗಿ ಬೇರೆ ಇಡುವುದು. ಕಷ್ಟ ಬಂದಾಗ ಚಿನ್ನ ಅಡವಿಡದೆ ಪಾರಾಗಲು ಇದೇ ಆಧಾರ. ಆಮೇಲೆ ತಿಂಗಳಿಗೆ ಎರಡು ಸಾವಿರವೋ ಮೂರು ಸಾವಿರವೋ, ಕೈಗೆ ಎಟುಕುವಷ್ಟು ತೆಗೆದಿಡುವುದು. ಸಣ್ಣ ಮೊತ್ತವಾದರೆ 999 ಬೆಳ್ಳಿ, ಅರ್ಧ ಪವನ್‌ನಷ್ಟು ಕೂಡಿದರೆ 24 ಕ್ಯಾರೆಟ್ ನಾಣ್ಯ. ದರ ಏರಿತೆಂದು ಓಡಿಹೋಗಿ ಕೊಳ್ಳುವುದು ಬೇಡ, ಇಳಿಯಿತೆಂದು ಹೆದರಿ ಮಾರುವುದೂ ಬೇಡ. ಕೊಂಡ ಪ್ರತಿ ಗ್ರಾಂಗೂ ಬಿಲ್, ಪುಸ್ತಕದಲ್ಲಿ ಒಂದು ಸಾಲು, ವರ್ಷಕ್ಕೊಮ್ಮೆ ಝಕಾತಿನ ಲೆಕ್ಕ.

ದುಡ್ಡು ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಇದನ್ನು ನಾಳೆಯೇ ಮಾರಿದರೆ ಎಷ್ಟು ಕೈಗೆ ಬರುತ್ತದೆ? ಉತ್ತರ ಗೊತ್ತಿದ್ದು ಕೊಂಡದ್ದು ಉಳಿತಾಯ. ಗೊತ್ತಿಲ್ಲದೆ ಕೊಂಡದ್ದು ಒಡವೆಯಾಗಿರಬಹುದು, ಆಸೆಯಾಗಿರಬಹುದು, ಕಷ್ಟದ ದಿನಕ್ಕೆ ಅದನ್ನು ನೆಚ್ಚಿಕೊಳ್ಳಲು ಆಗುವುದಿಲ್ಲ.